ಚಿಕ್ಕಮ್ಮನ ಎರಡನೇ ಭಾಗ

ಹಳೆಯ ಕಾದಂಬರಿಯ ವಾಸನೆ ಬಂದರೆ ಈಗಲೂ ಕಾಮಾಕ್ಷಿಪಾಳ್ಯದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕಮ್ಮನನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ಅವಳು ಒಳಗೆ ರೇಷ್ಮೆ ಸೀರೆಯುಟ್ಟು ಕಾದಂಬರಿ ಓದುತ್ತಿದ್ದಳು.

"ಏಳೇ, ಕಾಯ್ತಾ ಇದಾರೆ," ಅಜ್ಜಿ ಗದರಿದಳು.

"ತಡಿಯಮ್ಮಾ, ಸೇನಾಪತಿ ಯುದ್ಧಕ್ಕೆ ಹೊರಟಿದಾನೆ. ರಾಜಕುಮಾರಿ ಇನ್ನೂ ಮನಸಲ್ಲಿರೋದು ಹೇಳಿಲ್ಲ."

ಕೊನೆಯ ಪುಟ ಮುಗಿಸಿ, ಒದ್ದೆಗಣ್ಣಲ್ಲೇ ಕಾಫಿ ತಂದಳು. ಹುಡುಗನ ತಾಯಿಗೆ ಗಾಬರಿ. "ಯಾಕಮ್ಮಾ, ಮದುವೆ ಇಷ್ಟ ಇಲ್ವಾ?"

ಚಿಕ್ಕಮ್ಮ ಕಥೆ ಹೇಳತೊಡಗಿದಳು. ಕೋಟೆ, ದೀವಟಿಗೆ, ಕುದುರೆಗಳೆಲ್ಲ ನಮ್ಮ ಪುಟ್ಟ ಹಾಲಿಗೆ ಬಂದವು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಕಾಫಿ ಆರಿತು.

"ಸೇನಾಪತಿ ವಾಪಸ್ ಬಂದ್ನಾ?" ಹುಡುಗ ಕೇಳಿದ.

"ಅದು ಎರಡನೇ ಭಾಗದಲ್ಲಿದೆ. ಲೈಬ್ರರೀಲಿ ಸಿಗ್ತಿಲ್ಲ."

ಮುಂದಿನ ಭಾನುವಾರ ಅವನೊಬ್ಬನೇ ಎರಡನೇ ಭಾಗ ಹಿಡಿದುಕೊಂಡು ಬಂದ. "ನಾನು ಓದ್ಬಿಟ್ಟೆ. ಏನಾಯ್ತು ಅಂತ ಮಾತ್ರ ಹೇಳಲ್ಲ," ಎಂದ.

ಪುಸ್ತಕ ಇಸಿದುಕೊಳ್ಳುವಾಗ ಚಿಕ್ಕಮ್ಮ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು.