ಹೆಸರು ಹೇಳದ ಕಕ್ಷಿದಾರ

"ನಿಮ್ಮ ಕಕ್ಷಿದಾರ ಒಬ್ಬ ಕೊಲೆಗಾರ!" ಎಂದು ಚನ್ನವೀರ ಮೇಜು ಕುಟ್ಟಿದ.

ತೀರ್ಪುಗಾರರ ಕುರ್ಚಿಯಲ್ಲಿದ್ದ ವಕೀಲ ಭೀಮರಾಯರ ಕೈಯಿಂದ ಪೆನ್ನು ಜಾರಿತು. ಬಗ್ಗಿ ಎತ್ತಿಕೊಳ್ಳುವಾಗ ಅವರು ಬೇಕೆಂದೇ ತಡಮಾಡಿದರು. ಮುಖ ಸರಿಮಾಡಿಕೊಳ್ಳಲು ಅಷ್ಟು ಹೊತ್ತು ಬೇಕಿತ್ತು.

ಬನಶಂಕರಿಯ ಕಾನೂನು ಕಾಲೇಜೊಂದರಲ್ಲಿ ಸಂಧಾನ ಸ್ಪರ್ಧೆಯ ಕೊನೆಯ ಸುತ್ತು. 2008ರ ಫೆಬ್ರವರಿ. ಇಬ್ಬರು ವಿದ್ಯಾರ್ಥಿಗಳು ಎದುರುಬದುರು ಕೂತು, ಕಲ್ಪಿತ ವ್ಯಾಜ್ಯವೊಂದನ್ನು ಮಾತಿನಲ್ಲೇ ಬಗೆಹರಿಸಬೇಕು. ಮೂವತ್ತು ನಿಮಿಷ. ತನ್ನ ಕಕ್ಷಿದಾರನನ್ನು ಚೆನ್ನಾಗಿ ಕಾಯ್ದವರಿಗೆ ಬಹುಮಾನ.

ವ್ಯಾಜ್ಯದ ಹಾಳೆ ಭೀಮರಾಯರ ಕೈಸೇರಿದ್ದು ಇಲ್ಲಿಗೆ ಬಂದು ಕೂತ ಮೇಲೆ. ನಾಲ್ಕೇ ಸಾಲು. ಕಾರು ಗುದ್ದಿ ರಸ್ತೆಬದಿಯ ಒಬ್ಬ ಸತ್ತಿದ್ದಾನೆ. ಕಾರಿನವನು ನಿಲ್ಲಿಸದೆ ಹೊರಟುಹೋಗಿದ್ದಾನೆ. ವರ್ಷಗಳ ಮೇಲೆ, ತನ್ನ ಹೆಸರು ಹೊರಬೀಳದ ಹಾಗೆ ರಾಜಿ ಮಾಡಿಕೊಳ್ಳಲು ವಕೀಲರನ್ನು ಕಳಿಸಿದ್ದಾನೆ.

ಓದಿ ಮುಗಿಸುವಷ್ಟರಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಹನ್ನೆರಡು ವರ್ಷದ ಹಿಂದಿನ ಒಂದು ಭಾನುವಾರ. ಬನ್ನೇರುಘಟ್ಟ ರಸ್ತೆ, ಹುಳಿಮಾವು ಕೆರೆಯ ಹತ್ತಿರ. ಬೆಳಗಿನ ಆರೂವರೆ. ಎದುರಿಗೆ ಬಂದ ಲಾರಿಯನ್ನು ತಪ್ಪಿಸಲು ಹೋಗಿ ಅವರು ಬಿಳಿ ಫಿಯೆಟ್ ಕಾರನ್ನು ಎಡಕ್ಕೆ ಎಳೆದರು. ಎಳನೀರು ಮಾರುವವನು ಅಲ್ಲಿದ್ದ. ಲಾರಿ ಹೊರಟುಹೋಯಿತು. ಅವರು ಕಾರು ನಿಲ್ಲಿಸಿ, ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟರು. ಸುತ್ತ ಒಂದು ನರಪಿಳ್ಳೆಯೂ ಕಾಣಲಿಲ್ಲ. ಭೀಮರಾಯರೂ ಹೊರಟುಹೋದರು. ಮರುದಿನ ಪತ್ರಿಕೆಯ ಮೂಲೆಯಲ್ಲಿ ಸುದ್ದಿ: ಪಿಳ್ಳಣ್ಣ, ಮೂವತ್ತೆಂಟು ವರ್ಷ. ತಿಂಗಳೊಳಗೆ ಕಾರು ಮಾರಿದರು. ಹೆಂಡತಿಗೂ ಹೇಳಲಿಲ್ಲ. ಅಂದಿನಿಂದ ಜಯನಗರದ ಕಚೇರಿಯ ಬಾಗಿಲನ್ನು ಯಾರಾದರೂ ತಟ್ಟಿದಾಗೆಲ್ಲ ಎದೆ ಒಮ್ಮೆ ನಿಂತು ಮುಂದೆ ಹೋಗುತ್ತಿತ್ತು.

ಶುರುವಿನಲ್ಲಿ ಇಬ್ಬರೂ ಪರಿಚಯ ಹೇಳಿಕೊಂಡಿದ್ದರು. ಸತ್ತವನ ಕುಟುಂಬದ ಪರ ಚನ್ನವೀರ, ವಾಸ ಹುಳಿಮಾವು. ಕಾರಿನವನ ಪರ ಸಿರಿ, ವಾಸ ಪದ್ಮನಾಭನಗರ.

ಹುಳಿಮಾವು! ಆಗಿನಿಂದ ಭೀಮರಾಯರು ಆ ಹುಡುಗನ ಮುಖ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಇಪ್ಪತ್ತರ ಆಸುಪಾಸು. ಆಗ ಎಂಟು ವರ್ಷವಿದ್ದಿರಬೇಕು. ಮಾತಿಗೊಮ್ಮೆ ತೀರ್ಪುಗಾರರತ್ತ ತಿರುಗುತ್ತಿದ್ದಾನೆ. ಅದು ಸ್ಪರ್ಧಿಯ ನೋಟವೇ? ಅಥವಾ ಎಲ್ಲ ಗೊತ್ತಿದ್ದೇ ಬಂದಿದ್ದಾನೆಯೇ?

"ನನ್ನ ಕಕ್ಷಿದಾರ ರಾಕ್ಷಸನಲ್ಲ," ಎಂದಳು ಸಿರಿ. ಅವಳ ದನಿ ಮೆತ್ತಗಿತ್ತು. "ಅವರು ಕಾರು ನಿಲ್ಲಿಸಿದ್ರು. ಬಾಗಿಲು ತೆಗೆದ್ರು. ಒಂದು ಕಾಲು ಕೆಳಗೂ ಇಟ್ಟಿದ್ರು. ಇಳೀಬೇಕು ಅಂತ ಅವರಿಗೂ ಅನಿಸಿತ್ತು."

ಭೀಮರಾಯರು ಮೊದಲ ಸಲ ಅವಳತ್ತ ತಿರುಗಿದರು. ಈ ಜಗತ್ತಿನಲ್ಲಿ ತನ್ನ ಪರ ಮಾತಾಡುವ ಒಂದು ಜೀವ!

"ಇಟ್ಟ ಕಾಲನ್ನು ಮತ್ತೆ ಒಳಗೆ ಯಾಕೆ ಎಳೆದುಕೊಂಡ?" ಚನ್ನವೀರ ಗುಡುಗಿದ. "ಆಸ್ಪತ್ರೆಗೆ ಸೇರಿಸಿದ್ದರೆ ಬದುಕುತ್ತಿದ್ದರೋ ಏನೋ! ಆತ ಎಲ್ಲೇ ಅಡಗಿರಲಿ, ನಾವು ಬಿಡುವುದಿಲ್ಲ."

ಹೇಳುತ್ತ ಅವನು ನೇರವಾಗಿ ಭೀಮರಾಯರನ್ನೇ ನೋಡಿದ. ಅವರು ನೀರಿನ ಲೋಟಕ್ಕೆ ಕೈಹಾಕಿದರು. ಲೋಟ ವಾಲಿ ನೀರು ಅಂಕಪಟ್ಟಿಯ ಮೇಲೆ ಚೆಲ್ಲಿತು.

"ಹುಷಾರಾಗಿದ್ದೀರಾ ಸಾರ್?" ಪಕ್ಕದಲ್ಲಿದ್ದ ಉಪನ್ಯಾಸಕಿ ಸರ್ವಮಂಗಳಾ ಕೇಳಿದರು.

"ಸ್ವಲ್ಪ ಸೆಕೆ ಮೇಡಂ."

ಸಿರಿ ಕೊನೆಯ ಮಾತಿಗೆ ಬಂದಿದ್ದಳು. "ಒಂದೇ ಒಂದು ಷರತ್ತಿಗೆ ನಾನು ಒಪ್ತೀನಿ. ನನ್ನ ಕಕ್ಷಿದಾರರು ತಾವಾಗಿಯೇ ಸತ್ತವರ ಮನೆಗೆ ಬರ್ತಾರೆ. ಆ ಮನೆಯವರ ಎದುರು ನಿಂತು, ತಮ್ಮ ಬಾಯಿಂದಲೇ ನಿಜ ಹೇಳ್ತಾರೆ. ಅಷ್ಟು ಸಾಕು."

ಗಂಟೆ ಹೊಡೆಯಿತು. ಸರ್ವಮಂಗಳಾ ತಲೆಯಾಡಿಸಿದರು. "ಏನ್ ಸಾರ್ ಈ ಹುಡುಗಿ? ಹೆಸರು ಮುಚ್ಚಿಡು ಅಂದ್ರೆ ಕಕ್ಷಿದಾರನ್ನೇ ತಂದು ಒಪ್ಪಿಸಿಬಿಟ್ಟಳು! ಹಾಳೇಲಿ ಇಲ್ಲದ್ದೆಲ್ಲ ಸೇರಿಸಿ ಬೇರೆ ಹೇಳ್ತಾಳೆ." ಬಹುಮಾನ ಚನ್ನವೀರನಿಗೆ ಹೋಯಿತು.

ಭೀಮರಾಯರು ಸಮಾರೋಪಕ್ಕೂ ನಿಲ್ಲದೆ ಹೊರಬಿದ್ದರು. ಮೆಟ್ಟಿಲ ಬಳಿ ಚನ್ನವೀರ ಅಡ್ಡ ನಿಂತಿದ್ದ.

"ಸಾರ್, ನಿಮ್ಮ ಕೂಡ ಒಂದು ಮಾತು ಆಡೋದಿತ್ತು."

ಭೀಮರಾಯರು ಗೋಡೆ ಹಿಡಿದುಕೊಂಡರು. ಹನ್ನೆರಡು ವರ್ಷ ಹೆದರಿದ್ದು ಈ ಒಂದು ಮಾತಿಗೇ. ವಿಚಿತ್ರವೆಂದರೆ, ಈಗ ಓಡುವ ಮನಸ್ಸಿರಲಿಲ್ಲ. ಆ ಹುಡುಗಿಯ ಷರತ್ತು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು.

"ನೀನೇನೂ ಕೇಳ್ಬೇಡಪ್ಪ, ನಾನೇ ಹೇಳ್ತೀನಿ. ಆ ಕಾರು ಓಡಿಸ್ತಿದ್ದೋನು ನಾನೇ. ಎಳನೀರಿನ ಪಿಳ್ಳಣ್ಣನ್ನ ಗುದ್ದಿ ಬಿಟ್ಟು ಹೋದೋನು ನಾನೇ. ನಿಮ್ಮಪ್ಪನ್ನ ಕೊಂದೋನು ನಾನು."

ಚನ್ನವೀರ ಎರಡು ಹೆಜ್ಜೆ ಹಿಂದೆ ಸರಿದ.

"ನಮ್ಮಪ್ಪ ಗದಗದಾಗ ಅದಾರ್ರಿ ಸಾರ್. ಬಸ್ ಕಂಡಕ್ಟರ್. ನಿನ್ನೆ ಫೋನ್ ಮಾಡಿದ್ರು. ನಾ ಹುಳಿಮಾವಿಗೆ ಬಾಡಿಗಿಗೆ ಬಂದು ಆರು ತಿಂಗಳಾತು. ನಿಮ್ಮ ಆಫೀಸಿನ್ಯಾಗ ಕೆಲಸ ಕಲಿಯಾಕ ಸೇರಿಸ್ಕೋತೀರೇನು ಅಂತ ಕೇಳಾಕ ಬಂದಿದ್ನಿ..."

ಆಡಿದ ಮಾತು ಆಡಿಯಾಗಿತ್ತು. ಹಿಂದೆ ಯಾರೋ ನಿಂತಂತಾಗಿ ಭೀಮರಾಯರು ತಿರುಗಿದರು.

"ಪಿಳ್ಳಣ್ಣ ನಮ್ಮಪ್ಪ ಸಾರ್," ಎಂದಳು ಸಿರಿ. "ನೀವು ಕಾಲು ಕೆಳಗಿಟ್ಟಿದ್ದನ್ನ ಎಳನೀರಿನ ರಾಶಿ ಹಿಂದಿನಿಂದ ನಾನು ನೋಡಿದ್ದೆ. ಬನ್ನಿ, ಅಮ್ಮ ಮನೇಲಿದ್ದಾರೆ."