ಗಾಜಿನೊಳಗೆ ಬೇಸಿಗೆ

ನಡುಮನೆಯ ಮೂಲೆಯಲ್ಲಿ ಅವನು ಕಟ್ಟಿದ ದೊಡ್ಡ ಗಾಜಿನ ಪೆಟ್ಟಿಗೆಯೊಳಗೆ ಜರೀಗಿಡಗಳು ನಳನಳಿಸುತ್ತಿದ್ದವು. ದೀಪ ತಾನಾಗಿ ಹೊತ್ತಿಕೊಳ್ಳುತ್ತಿತ್ತು, ಮಂಜು ತಾನಾಗಿ ಹರಡುತ್ತಿತ್ತು, ಚಳಿಯಾದರೆ ಹೀಟರ್ ತಾನಾಗಿ ಕಾಯುತ್ತಿತ್ತು. ಹೆಂಡತಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ನಾವಿಲ್ಲಿ ಗಡಗಡ ನಡುಗ್ತಿದ್ದೀವಿ, ಇವರ ಗಿಡಕ್ಕೆ ಹೀಟರ್ರು!" ಎಂದು ಡಿಸೆಂಬರ್ ಉದ್ದಕ್ಕೂ ಗೊಣಗಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅವನೇ ಸೋತ. "ನಿನ್ನ ಗೊಣಗಾಟ ಸಾಕಪ್ಪಾ ಸಾಕು. ಹೀಟರ್ ಕಿತ್ತು ಹಾಕ್ತೀನಿ" ಎಂದು ಪ್ಲಗ್ಗಿಗೆ ಕೈ ಹಾಕಿದ.

ಅಡುಗೆಮನೆಯಿಂದ ಅವಳು ಓಡಿಬಂದಳು. "ಅಯ್ಯೋ, ಮುಟ್ಟಬೇಡಿ ರೀ! ಅದರ ಪಾಡಿಗೆ ಅದು ಬೆಚ್ಚಗಿರಲಿ."

ಅವನಿಗೆ ನಂಬಲಾಗಲಿಲ್ಲ. "ಏನೇ, ನಿನಗೂ ಇದರ ಮೇಲೆ ಪ್ರೀತಿ ಬಂತಾ?"

"ಬರದೆ ಇರುತ್ತಾ? ಒಂದು ವಾರದಿಂದ ಎದ್ದ ತಕ್ಷಣ ಇದರ ಮುಖಾನೇ ನೋಡೋದು ನಾನು. ಇನ್ನೂ ಎರಡು ಡಿಗ್ರಿ ಜಾಸ್ತಿ ಮಾಡಿದ್ರೆ ಚೆನ್ನಾಗಿರುತ್ತೆ."

ಅವನು ಖುಷಿಯಿಂದ ಮೊಬೈಲಿನಲ್ಲೇ ಎರಡು ಡಿಗ್ರಿ ಏರಿಸಿದ.

ಅವಳು ಗಾಜಿನ ಬಾಗಿಲು ಸರಿಸಿ, ಜರೀಗಿಡಗಳ ಹಿಂದೆ ಕೈ ಹಾಕಿ, ಮುಚ್ಚಳವನ್ನೇ ಎತ್ತುವಷ್ಟು ಉಬ್ಬಿದ್ದ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಹೊರತೆಗೆದಳು.