ಹೊಲಿಗೆಯ ಉಲ್ಟಾ ಬದಿ

ಬೆಳಗಿನ ಒಂಬತ್ತೂಕಾಲಿಗೆ ಟೈಲರಕ್ಕ ಆಪರೇಷನ್ ಮೇಜಿನ ಮೇಲೆ ಮಲಗಿದಳು. ಬಲ ಮಣಿಕಟ್ಟಿನ ಮೇಲೆ ಗೋಲಿ ಗಾತ್ರದ ಗಂಟು. ತೆಗೆಯಲು ಇಪ್ಪತ್ತು ನಿಮಿಷ ಸಾಕು. ಆದರೆ ಅದು ಕತ್ತರಿ ಹಿಡಿಯುವ ಕೈ. ಮೂವತ್ತು ವರ್ಷ ಮನೆ ನಡೆದದ್ದು ಆ ಕೈಯಿಂದ.

ಆಸ್ಪತ್ರೆ ಹುಡುಕಲು ಹದಿನೈದು ದಿನ ಹಿಡಿದಿತ್ತು. ನಾದಿನಿ ಮೊಬೈಲಿನಲ್ಲಿ ಐದು ನಕ್ಷತ್ರದ ಆಸ್ಪತ್ರೆಗಳನ್ನೆಲ್ಲ ಜಾಲಾಡಿ, ಜನರ ಹೊಗಳಿಕೆಯನ್ನು ಓದಿ ಹೇಳಿದ್ದಳು. ಟೈಲರಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಓದುವುದು ನಿನ್ನ ಕೆಲಸ, ನೋಡುವುದು ನನ್ನದು ಎಂದು, ರೋಗಿಗಳು ಹಾಕಿದ್ದ ಗಾಯದ ಫೋಟೋಗಳನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹೊಲಿಗೆ ನೋಡಿದಳು. ಒಂದರಲ್ಲಿ ಸುಕ್ಕು, ಇನ್ನೊಂದರಲ್ಲಿ ಬಿಗಿ. ಕೊನೆಗೊಂದು ಸಿಕ್ಕಿತು: ಐದು ಹೊಲಿಗೆ, ಟೇಪು ಹಿಡಿದು ಹಾಕಿದಂತೆ. ಆ ಆಸ್ಪತ್ರೆಗಿದ್ದದ್ದು ಎರಡೇ ನಕ್ಷತ್ರ. ಅದನ್ನು ಕಂಡ ನಾದಿನಿ ಫೋಟೋದ ಕೆಳಗಿನ ಬರಹವನ್ನು ಓದಲೂ ಇಲ್ಲ.

"ಅತ್ತಿಗೆ, ನೀವು ಹುಡುಕ್ತಿರೋದು ಡಾಕ್ಟರನ್ನ. ದರ್ಜಿಯನ್ನಲ್ಲ."

ಕೋಣೆಯ ಗಾಜಿಗೆ ಬಿಳಿ ಬಣ್ಣ ಬಳಿದಿದ್ದರು. ಬಿಸಿಲು ಅದರಲ್ಲಿ ಸೋಸಿ ಹಾಲಿನಂತೆ ಹರಡಿತ್ತು. ನಿದ್ದೆಗೆಟ್ಟ ಕಣ್ಣಿಗೆ ಗೋಡೆಗಳೇ ಮೆಲ್ಲಗೆ ತೇಲುತ್ತಿದ್ದವು. ಈ ಆಸ್ಪತ್ರೆ ಯಾರು ಹೇಳಿದರು ಎಂದು ಡಾಕ್ಟರ್ ಸಿರಿಂಜಿಗೆ ಮದ್ದು ತುಂಬುತ್ತ ಕೇಳಿದರು. ಅವಳು ಎಡಗೈಯಲ್ಲಿದ್ದ ಮೊಬೈಲಿನ ಫೋಟೋ ತೋರಿಸಿದಳು. ಅವರು ಬಗ್ಗಿ, ಕೆಳಗಿದ್ದ ಬರಹವನ್ನೂ ಓದಿ, ಸಿರಿಂಜನ್ನು ತಟ್ಟೆಯಲ್ಲಿಟ್ಟರು.

"ಇದು ನನ್ನ ಹೊಲಿಗೆ ಅಲ್ಲಮ್ಮ. ಇಲ್ಲಿ ಕಾದು ಕಾದು ಸಾಕಾಗಿ, ಬೇರೆ ಆಸ್ಪತ್ರೇಲಿ ಮಾಡಿಸ್ಕೊಂಡೆ ಅಂತ ಬರೆದಿದ್ದಾರೆ. ಇಂಜೆಕ್ಷನ್ ಇನ್ನೂ ಕೊಟ್ಟಿಲ್ಲ. ಬೇಕಾದ್ರೆ ಎದ್ದು ಹೋಗಿ, ನಾನೇನೂ ಅಂದ್ಕೊಳ್ಳಲ್ಲ."

ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಹೊರಗೆ ಕೂತ ನಾದಿನಿಗೆ ತಿಳಿದರೆ ಜನ್ಮಪೂರ್ತಿ ಆಡಿಕೊಳ್ಳುತ್ತಾಳೆ ಎಂಬುದು ಎಲ್ಲೋ ದೂರದ ಸದ್ದಿನಂತೆ ಹಾದುಹೋಯಿತು. ಹತ್ತಿರವಿದ್ದದ್ದು ಡಾಕ್ಟರ ಬೆರಳುಗಳು ಮಾತ್ರ.

"ಒಂದು ಬಟ್ಟೆಗೆ ಎರಡು ಹೊಲಿಗೆ ಹಾಕಿ ತೋರಿಸಿ," ಎಂದಳು.

ನರ್ಸ್ ತುಟಿ ಕಚ್ಚಿ ನಗು ತಡೆದಳು. ಡಾಕ್ಟರ್ ನಗಲಿಲ್ಲ. ಹಳೆಯ ಹಸಿರು ಬಟ್ಟೆಯ ತುಂಡೊಂದನ್ನು ತರಿಸಿ, ಮಡಚಿ, ಎರಡು ಹೊಲಿಗೆ ಹಾಕಿ ಕೊಟ್ಟು, ಹೊಸ ಗಿರಾಕಿಯ ಮುಂದೆ ನಿಂತ ದರ್ಜಿಯಂತೆ ಕಾದರು. ಟೈಲರಕ್ಕ ಮೇಲ್ಬದಿಯನ್ನು ನೋಡಲೇ ಇಲ್ಲ. ತಿರುಗಿಸಿ, ಉಲ್ಟಾ ಬದಿಯನ್ನು ಬೆಳಕಿಗೆ ಹಿಡಿದು ಹೆಬ್ಬೆರಳಲ್ಲಿ ಸವರಿದಳು. ಆಮೇಲೆ ಬಲಗೈ ಚಾಚಿದಳು. ಇಂಜೆಕ್ಷನ್ ಆಗಿ ಸ್ವಲ್ಪ ಹೊತ್ತಿಗೆ ಆ ಕೈ ಮರಗಟ್ಟಿ, ಯಾರೋ ಹೊಲಿಯಲು ಕೊಟ್ಟುಹೋದ ಬಟ್ಟೆಯಂತೆ, ಅವಳಿಂದ ದೂರ ಮಲಗಿತ್ತು.

ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಅಂದು ಸಂಜೆ ಅವಳು ಅದೇ ಕೈಯಿಂದ ಸೂಜಿಗೆ ದಾರ ಪೋಣಿಸಿದಳು. ಆಮೇಲೆ ನಾದಿನಿಗೆ ಹೇಳಿ ಆಸ್ಪತ್ರೆಯ ಪುಟಕ್ಕೆ ಒಂದು ಫೋಟೋ ಹಾಕಿಸಿದಳು: ಅಂದು ಕೇಳಿ ತಂದಿದ್ದ ಎರಡು ಹೊಲಿಗೆಯ ಹಸಿರು ಬಟ್ಟೆ, ಉಲ್ಟಾ ಬದಿ.